ಭದ್ರತೆ, ಶಸ್ತ್ರ ನಿಯಂತ್ರಣದ ರಾಜತಾಂತ್ರಿಕ ವೃತ್ತಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಐಎಎಸ್ ಬಗ್ಗೆ ನಮ್ಮ ಭಾಗದಲ್ಲಿ ಯಾರನ್ನು ಕೇಳಿದರೂ ಹತ್ತು ಮಾತು ಹೇಳುತ್ತಾರೆ. ವಿದೇಶಾಂಗ ಸೇವೆ ಅಂದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅದರೊಳಗಿನ ಶಸ್ತ್ರ ನಿಯಂತ್ರಣ ಅಂದರೆ ಮಾತೇ ಇಲ್ಲ. ಕಾಲೇಜು ಹುಡುಗರು, ಹುಡುಗಿಯರು, ಅವರ ತಂದೆತಾಯಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಶಸ್ತ್ರ ನಿಯಂತ್ರಣ, ನಿಶ್ಶಸ್ತ್ರೀಕರಣ ಎರಡೂ ಒಂದೇ ಏನ್ರೀ?

ಅಲ್ಲ. ಅಸ್ತ್ರವನ್ನೇ ಇಲ್ಲವಾಗಿಸುವುದು ನಿಶ್ಶಸ್ತ್ರೀಕರಣ. ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ 1997ರ ಏಪ್ರಿಲ್ 29ರಂದು ಜಾರಿಗೆ ಬಂತು. ಭಾರತ ತನ್ನಲ್ಲಿದ್ದ ದಾಸ್ತಾನನ್ನು ಘೋಷಿಸಿ, 2009ರ ಹೊತ್ತಿಗೆ ಪೂರ್ತಿ ನಾಶ ಮಾಡಿತು. ಅದು ನಿಶ್ಶಸ್ತ್ರೀಕರಣ.

ಶಸ್ತ್ರ ನಿಯಂತ್ರಣದ ದಾರಿ ಬೇರೆ. ಅಸ್ತ್ರ ಇರುತ್ತದೆ, ಎಷ್ಟಿರಬೇಕು, ಎಲ್ಲಿರಬೇಕು, ಪಕ್ಕದವನಿಗೆ ಏನು ತಿಳಿಸಬೇಕು ಎಂಬುದಕ್ಕೆ ಕಟ್ಟುಪಾಡು ಹಾಕಿಕೊಳ್ಳುತ್ತಾರೆ. ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಪ್ಪಂದ ಮಾಡಿಕೊಂಡವು. ಅದರಂತೆ 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತವೆ. ಕಾರ್ಗಿಲ್ ಯುದ್ಧದ ನಂತರವೂ ಈ ಕ್ರಮ ನಿಲ್ಲಲಿಲ್ಲ. ನೆಲದಿಂದ ನೆಲಕ್ಕೆ ಹಾರುವ ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ಪರೀಕ್ಷಾರ್ಥ ಹಾರಿಸುವ ಮುನ್ನ ಕನಿಷ್ಠ ಮೂರು ದಿನ ಮೊದಲು ತಿಳಿಸಬೇಕು ಎಂಬ 2005ರ ಒಪ್ಪಂದವೂ ಇದೇ ಜಾತಿಯದು. ಸುದ್ದಿಯಾಗುವುದಿಲ್ಲ, ಆದರೆ ಕೆಲಸ ಮಾಡುತ್ತದೆ.

ಇದಕ್ಕಂತ ಬ್ಯಾರೆ ಪರೀಕ್ಷೆ ಐತೇನು?

ಇಲ್ಲ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯೇ ಬಾಗಿಲು. ತೇರ್ಗಡೆಯಾದವರಲ್ಲಿ ರ‍್ಯಾಂಕು ಮತ್ತು ಆದ್ಯತೆಯ ಮೇಲೆ ಐಎಫ್‌ಎಸ್, ಅಂದರೆ ಭಾರತೀಯ ವಿದೇಶಾಂಗ ಸೇವೆ, ಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇಡೀ ದೇಶಕ್ಕೆ ಸುಮಾರು ನಲವತ್ತರ ಆಸುಪಾಸು ಹುದ್ದೆ, ಕೆಲವು ವರ್ಷ ಹೆಚ್ಚು, ಕೆಲವು ವರ್ಷ ಕಡಿಮೆ. ವಿವರ ಅರ್ಜಿಯಲ್ಲಿ ಐಎಫ್‌ಎಸ್ ಅನ್ನು ಮೇಲೆ ಬರೆಯದಿದ್ದರೆ ಒಳ್ಳೆಯ ರ‍್ಯಾಂಕು ಬಂದರೂ ಬೇರೆ ಸೇವೆಗೆ ಹೋಗುತ್ತೀರಿ. ಮನೆಯವರ ಒತ್ತಾಯಕ್ಕೆ ಐಎಎಸ್ ಮೊದಲು ಬರೆದು ಆಮೇಲೆ ಕೊರಗುವವರು ಕಡಿಮೆಯಿಲ್ಲ.

ಪರೀಕ್ಷೆಯ ಲೆಕ್ಕ ಒಮ್ಮೆ ಹೇಳ್ರಿ.

ಪೂರ್ವಭಾವಿಯಲ್ಲಿ ಎರಡು ಪತ್ರಿಕೆ, ತಲಾ 200 ಅಂಕ. ಎರಡನೆಯದಾದ ಸಿಸ್ಯಾಟ್‌ನಲ್ಲಿ (ಗದ್ಯ ಓದಿ ಅರ್ಥ ಮಾಡಿಕೊಳ್ಳುವುದು, ತರ್ಕ, ಗಣಿತದ ಪತ್ರಿಕೆ) ಶೇ 33, ಅಂದರೆ 66 ಅಂಕ ಬಂದರೆ ಸಾಕು, ಆದರೆ ಬರಲೇಬೇಕು. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಡಿತ. ಮುಖ್ಯ ಪರೀಕ್ಷೆಯಲ್ಲಿ ಒಂಬತ್ತು ಪತ್ರಿಕೆ. ಭಾರತೀಯ ಭಾಷೆ ಮತ್ತು ಇಂಗ್ಲಿಷ್ ತಲಾ 300 ಅಂಕದ್ದು, ಎರಡರಲ್ಲೂ ಶೇ 25 ಪಡೆದರೆ ಸಾಕು. ಉಳಿದ ಏಳು ತಲಾ 250, ಒಟ್ಟು 1750. ಸಂದರ್ಶನ 275. ಕೊನೆಯ ಲೆಕ್ಕ 2025ಕ್ಕೆ.

ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ 6 ಅವಕಾಶ, ಒಬಿಸಿಗೆ 35ರವರೆಗೆ 9, ಪರಿಶಿಷ್ಟರಿಗೆ 37ರವರೆಗೆ ಸಂಖ್ಯೆಯ ಮಿತಿ ಇಲ್ಲ. ನಮ್ಮ ಕಡೆಯವರಿಗೆ ಪೂರ್ವಭಾವಿಗೆ ಹತ್ತಿರದ ಕೇಂದ್ರ ಧಾರವಾಡ. ಕೇಂದ್ರಗಳಿಗೆ ಮಿತಿ ಇರುವುದರಿಂದ ಮೊದಲು ಅರ್ಜಿ ಹಾಕಿದವರಿಗೆ ಮೊದಲು. ಕೊನೇ ದಿನದ ತನಕ ಕಾದು ದೂರದ ಊರಿಗೆ ಹೋಗಿ ಬರೆಯಬೇಡಿ.

ನಾನು ಕನ್ನಡ ಮೀಡಿಯಂ. ನನಗ ಆಗ್ತದೇನು?

ಮುಖ್ಯ ಪರೀಕ್ಷೆಯನ್ನೂ ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು. ತೊಡಕಿರುವುದು ಎರಡು ಕಡೆ. ಪೂರ್ವಭಾವಿ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ. ಸಿಸ್ಯಾಟ್‌ನ ಉದ್ದುದ್ದ ಗದ್ಯಭಾಗಗಳನ್ನು ಓದುವಷ್ಟರಲ್ಲಿ ಹೊತ್ತು ಮೀರಿ, ಗಣಿತ ಗೊತ್ತಿದ್ದವರೂ 66 ಮುಟ್ಟುವುದಿಲ್ಲ. ಇನ್ನೊಂದು ಮುಖ್ಯ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆ. ಅದರಲ್ಲಿ 75 ಬರದಿದ್ದರೆ ಉಳಿದ ಏಳು ಪತ್ರಿಕೆಗಳ ಅಂಕ ಲೆಕ್ಕಕ್ಕೇ ಬರುವುದಿಲ್ಲ.

ಐಎಫ್‌ಎಸ್‌ಗೆ ಮೂರನೆಯ ಮಾತೂ ಇದೆ. ಪರೀಕ್ಷೆ ಕನ್ನಡದಲ್ಲಿ ಪಾಸಾದರೂ ಕೆಲಸ ಇಂಗ್ಲಿಷಿನಲ್ಲಿ, ಅದೂ ಒಪ್ಪಂದಗಳ ಇಂಗ್ಲಿಷಿನಲ್ಲಿ. ಅದನ್ನು ಮೂರು ವರ್ಷದಲ್ಲಿ ಕಲಿಯಬಹುದು, ಮೂರು ತಿಂಗಳಲ್ಲಿ ಆಗದು. ಹಾಗೆಂದು ಕೀಳರಿಮೆ ಬೇಡ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ ಆಡುವ ಬೆಳಗಾವಿಯ ಹುಡುಗಿಗೆ ಭಾಷೆಯಿಂದ ಭಾಷೆಗೆ ಜಿಗಿಯುವುದು ರೂಢಿ. ವಿಜಯಪುರದಲ್ಲಿ ಉರ್ದು ಓದಲು ಕಲಿತವರಿಗೆ ಅರಬ್ಬಿ ಅಥವಾ ಫಾರಸಿ ಭಾಷೆ ಹಂಚಿಕೆಯಾದರೆ ಲಿಪಿಯ ಗೋಡೆ ಆಗಲೇ ಅರ್ಧ ಬಿದ್ದಿರುತ್ತದೆ.

ಯಾವ ಡಿಗ್ರಿ ಓದಬೇಕು?

ಯಾವುದಾದರೂ ಪದವಿ ಸಾಕು. ಈ ವಿಷಯದಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ, ಮೆಕ್ಯಾನಿಕಲ್ ಅಥವಾ ಏರೋಸ್ಪೇಸ್ ಎಂಜಿನಿಯರಿಂಗ್ ಓದಿದವರಿಗೆ ಮುಂದೆ ಅನುಕೂಲ ಹೆಚ್ಚು. ಕಾನೂನು ಓದಿದವರಿಗೂ ಹಾಗೆಯೇ. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಐಚ್ಛಿಕವಾಗಿ ತೆಗೆದುಕೊಂಡರೆ ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಗೂ ಉಪಯೋಗ. ಆದರೆ ಅದನ್ನು ಕನ್ನಡದಲ್ಲಿ ಬರೆಯುವವರಿಗೆ ಅಧ್ಯಯನ ಸಾಮಗ್ರಿ ತೀರ ಕಡಿಮೆ. ಟಿಪ್ಪಣಿ ಸ್ವಂತವೇ ಮಾಡಿಕೊಳ್ಳಬೇಕು.

ಆಯ್ಕೆಯಾದ ಮೇಲೆ ಏನೇನು?

ಮಸ್ಸೂರಿಯ ಅಕಾಡೆಮಿಯಲ್ಲಿ ಫೌಂಡೇಶನ್ ಕೋರ್ಸು, ನಂತರ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ. ನಡುವೆ ಭಾರತ ದರ್ಶನ, ಸೇನಾ ತುಕಡಿಯೊಂದಿಗೆ ಕೆಲವು ದಿನ. ಆಮೇಲೆ ಒಂದು ವಿದೇಶಿ ಭಾಷೆ ಹಂಚಿಕೆಯಾಗುತ್ತದೆ. ಆ ಭಾಷೆ ಕಲಿಯಲು ಥರ್ಡ್ ಸೆಕ್ರೆಟರಿಯಾಗಿ ಹೊರದೇಶಕ್ಕೆ ಹೋಗುತ್ತೀರಿ. ಭಾಷಾ ಪರೀಕ್ಷೆ ಪಾಸಾಗದೆ ಸೇವೆ ಖಾಯಂ ಆಗುವುದಿಲ್ಲ. ಶಸ್ತ್ರ ನಿಯಂತ್ರಣದ ಕಡೆ ಒಲವಿದ್ದರೆ ರಷ್ಯನ್, ಚೀನಿ ಅಥವಾ ಫ್ರೆಂಚ್ ಕೇಳುವುದು ಒಳ್ಳೆಯದು: ಮೊದಲೆರಡು ಎದುರು ಕುಳಿತವರ ಕಡತ ಓದಲು, ಮೂರನೆಯದು ಜಿನೀವಾದಲ್ಲಿ ಬದುಕಲು.

ಈ ವಿಷಯದಲ್ಲಿ ಪರಿಣತಿ ಯಾರು ಕೊಡುತ್ತಾರೆ?

ಯಾರೂ ಕೊಡುವುದಿಲ್ಲ. ಐಎಫ್‌ಎಸ್‌ನಲ್ಲಿ ಶಸ್ತ್ರ ನಿಯಂತ್ರಣಕ್ಕೆ ಪ್ರತ್ಯೇಕ ವಿಭಾಗದ ನೇಮಕಾತಿಯೇ ಇಲ್ಲ. ಒಬ್ಬ ಅಧಿಕಾರಿ ಮೂರು ವರ್ಷ ಪಾಸ್‌ಪೋರ್ಟ್, ಮುಂದಿನ ಮೂರು ವರ್ಷ ವಾಣಿಜ್ಯ, ಆಮೇಲೆ ಆಫ್ರಿಕಾ ನೋಡಿಕೊಳ್ಳಬಹುದು. ಪರಿಣತಿ ಪೋಸ್ಟಿಂಗಿನಿಂದ ಪೋಸ್ಟಿಂಗಿಗೆ ಕೂಡಿಬರುತ್ತದೆ, ಅದನ್ನು ಕೇಳಿ ಪಡೆಯಬೇಕು.

ದೆಹಲಿಯಲ್ಲಿ ಇದರ ಮನೆ ವಿದೇಶಾಂಗ ಸಚಿವಾಲಯದ ‘ನಿಶ್ಶಸ್ತ್ರೀಕರಣ ಮತ್ತು ಅಂತರರಾಷ್ಟ್ರೀಯ ಭದ್ರತಾ ವ್ಯವಹಾರಗಳ ವಿಭಾಗ’. ಹೊಸ ತಂತ್ರಜ್ಞಾನಗಳಿಗೆ 2020ರಲ್ಲಿ ‘ನೆಸ್ಟ್’ ವಿಭಾಗ ಬಂತು. ಹೊರಗೆ ನಾಲ್ಕು ಊರು. ಜಿನೀವಾದಲ್ಲಿ ನಿಶ್ಶಸ್ತ್ರೀಕರಣ ಸಮ್ಮೇಳನಕ್ಕೆಂದೇ ಭಾರತದ ಪ್ರತ್ಯೇಕ ರಾಯಭಾರಿ ಇದ್ದಾರೆ. ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಹೇಗ್‌ನಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ, ನ್ಯೂಯಾರ್ಕ್‌ನಲ್ಲಿ ನಿಶ್ಶಸ್ತ್ರೀಕರಣ, ಭದ್ರತೆಯ ವಿಷಯ ನೋಡುವ ವಿಶ್ವಸಂಸ್ಥೆಯ ಮೊದಲ ಸಮಿತಿ. ದೆಹಲಿಯ ವಿಭಾಗದಲ್ಲಿ ಅಂಡರ್ ಸೆಕ್ರೆಟರಿ, ಆಮೇಲೆ ಈ ನಾಲ್ಕರಲ್ಲಿ ಒಂದು ಕಡೆ ಫಸ್ಟ್ ಸೆಕ್ರೆಟರಿ, ಮತ್ತೆ ದೆಹಲಿಗೆ ನಿರ್ದೇಶಕ: ಇಷ್ಟಾದರೆ ಜನ ನಿಮ್ಮನ್ನು ‘ಆ ವಿಷಯದವರು’ ಎಂದು ಗುರುತಿಸುತ್ತಾರೆ.

ವಿಶ್ವಸಂಸ್ಥೆ 1978ರಿಂದ ನಿಶ್ಶಸ್ತ್ರೀಕರಣ ಫೆಲೋಶಿಪ್ ನಡೆಸುತ್ತಿದೆ. ವರ್ಷಕ್ಕೆ 25 ಮಂದಿ ಕಿರಿಯ ರಾಜತಾಂತ್ರಿಕರಿಗೆ ಅವಕಾಶ. ಹೆಸರು ಕಳಿಸುವುದು ಸರ್ಕಾರ. ಸೇವೆಯ ಮೊದಲ ಏಳೆಂಟು ವರ್ಷದಲ್ಲಿ ಸಿಕ್ಕರೆ ಬಿಡಬಾರದು.

ದಿನದ ಕೆಲಸ ಹೆಂಗಿರ್ತದ?

ಜಿನೀವಾದ ಸಮ್ಮೇಳನದಲ್ಲಿ 65 ದೇಶ. ವರ್ಷಕ್ಕೆ ಮೂರು ಕಂತು: 10, 7, ಮತ್ತೆ 7 ವಾರ. ಅಧ್ಯಕ್ಷತೆ ನಾಲ್ಕು ವಾರಕ್ಕೊಮ್ಮೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬದಲಾಗುತ್ತದೆ. ಎಲ್ಲ ನಿರ್ಧಾರವೂ ಸರ್ವಾನುಮತದಿಂದ ಆಗಬೇಕು, ಯಾವ ವಿಷಯ ಚರ್ಚಿಸಬೇಕು ಎಂಬುದು ಕೂಡ. ಒಬ್ಬರು ಬೇಡ ಅಂದರೆ ಮುಗಿಯಿತು. 1996ರಲ್ಲಿ ಸಮಗ್ರ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಅಲ್ಲಿ ಭಾರತ ಒಪ್ಪಲಿಲ್ಲ. ರಾಯಭಾರಿಯಾಗಿದ್ದವರು ಅರುಂಧತಿ ಘೋಷ್. ಕರಡನ್ನು ನ್ಯೂಯಾರ್ಕ್‌ನ ಸಾಮಾನ್ಯ ಸಭೆಗೆ ಒಯ್ದು ಅಲ್ಲಿ ಮತಕ್ಕೆ ಹಾಕಬೇಕಾಯಿತು. ಅದಾದ ಮೇಲೆ ಜಿನೀವಾದ ಆ ಸಭಾಂಗಣದಿಂದ ಹೊಸ ಒಪ್ಪಂದ ಒಂದೂ ಹೊರಬಂದಿಲ್ಲ. ಹೀಗೆ ವರ್ಷಗಟ್ಟಲೆ ಏನೂ ಆಗದ ಕಡೆ ಕುಳಿತು ಎಚ್ಚರ ತಪ್ಪದಿರುವ ತಾಳ್ಮೆ ನಿಮ್ಮಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಅಕ್ಟೋಬರಿನ ನ್ಯೂಯಾರ್ಕ್ ಇದಕ್ಕೆ ಪೂರಾ ಉಲ್ಟಾ. ಮೊದಲ ಸಮಿತಿಯಲ್ಲಿ ಕೆಲವೇ ವಾರಗಳಲ್ಲಿ ಅರವತ್ತರ ಆಸುಪಾಸು ನಿರ್ಣಯಗಳು. ಪರಮಾಣು ಅಸ್ತ್ರ ಬಳಕೆ ನಿಷೇಧದ ಬಗ್ಗೆ ಭಾರತ 1982ರಿಂದ ನಿರ್ಣಯ ತರುತ್ತಿದೆ. ಸಾಮೂಹಿಕ ನಾಶದ ಅಸ್ತ್ರಗಳು ಉಗ್ರರ ಕೈಗೆ ಹೋಗದಂತೆ ತಡೆಯುವ ನಿರ್ಣಯವೂ ಭಾರತದ್ದೇ, ಅದು ಸಾಮಾನ್ಯವಾಗಿ ಮತವಿಲ್ಲದೆ ಪಾಸಾಗುತ್ತದೆ. ಕಿರಿಯ ಅಧಿಕಾರಿಯ ಪಾಲಿಗೆ ಬರುವ ಕೆಲಸ ಇಷ್ಟು: ಪ್ರತಿ ಕರಡನ್ನು ಹೋದ ವರ್ಷದ ಪಠ್ಯದೊಂದಿಗೆ ಸಾಲು ಸಾಲಾಗಿ ತಾಳೆ ನೋಡುವುದು, ಬದಲಾದ ಪದಗಳನ್ನು ದೆಹಲಿಗೆ ತಂತಿ ಸಂದೇಶದಲ್ಲಿ ತಿಳಿಸುವುದು, ಮತ ಹೇಗೆ ಹಾಕಬೇಕೆಂಬ ಸೂಚನೆ ತರಿಸಿಕೊಳ್ಳುವುದು, ಭಾಷಣದ ಕರಡು ಬರೆಯುವುದು. ಐದು ನಿಮಿಷದ ಭಾಷಣಕ್ಕೆ 550ರಿಂದ 600 ಇಂಗ್ಲಿಷ್ ಪದ. ಹೆಚ್ಚು ಬರೆದು ವೇಗವಾಗಿ ಓದಿದರೆ ದುಭಾಷಿಗಳು ಹಿಂದೆ ಬೀಳುತ್ತಾರೆ, ನೀವು ಹೇಳಿದ್ದು ಅರ್ಧ ಸಭೆಗೆ ಮುಟ್ಟುವುದಿಲ್ಲ.

ಪದದ ತೂಕ ಗೊತ್ತಿರಬೇಕು. ಒಪ್ಪಂದದಲ್ಲಿ ‘ಶಲ್’ ಇದ್ದರೆ ಮಾಡಲೇಬೇಕು, ‘ಶುಡ್’ ಇದ್ದರೆ ಮಾಡಿದರೆ ಒಳ್ಳೆಯದು. ನಿರ್ಣಯದಲ್ಲಿ ಒಂದು ವರದಿಯನ್ನು ‘ಸ್ವಾಗತಿಸುತ್ತದೆ’ ಅನ್ನುವುದಕ್ಕೂ ‘ಗಮನಿಸುತ್ತದೆ’ ಅನ್ನುವುದಕ್ಕೂ ನಡುವೆ ಇಡೀ ರಾತ್ರಿಯ ಜಗಳ ಇರುತ್ತದೆ. ಈ ವೃತ್ತಿಯಲ್ಲಿ ಬಾಂಬಿಗಿಂತ ಕ್ರಿಯಾಪದದ ಜೊತೆಗಿನ ಒಡನಾಟವೇ ಹೆಚ್ಚು.

ಎಲ್ಲಿ ಎಡವುತ್ತಾರೆ?

ಗಡಿಯಾರದಲ್ಲಿ. ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಭಾರತಕ್ಕಿಂತ ಒಂಬತ್ತೂವರೆ ತಾಸು ಹಿಂದೆ. ಅಲ್ಲಿ ಮಧ್ಯಾಹ್ನ 3ಕ್ಕೆ ಮತದಾನ ಅಂದರೆ ದೆಹಲಿಯಲ್ಲಿ ರಾತ್ರಿ ಹನ್ನೆರಡೂವರೆ. ಪ್ರಶ್ನೆಯನ್ನು ಅಲ್ಲಿನ ಬೆಳಿಗ್ಗೆ ಕಳಿಸಿದರೆ ಇಲ್ಲಿ ಕಚೇರಿ ಮುಚ್ಚಿರುತ್ತದೆ. ಪರಮಾಣು ಶಕ್ತಿ ಇಲಾಖೆ, ರಕ್ಷಣಾ ಸಚಿವಾಲಯ, ಡಿಆರ್‌ಡಿಒ ಇವರ ಅಭಿಪ್ರಾಯವೂ ಬೇಕಾದ ಕಡೆ ಎರಡು ದಿನ ಮೊದಲೇ ಕೇಳಬೇಕು.

ಕರಡಿನ ಆವೃತ್ತಿಯಲ್ಲಿ. ಪ್ರತಿ ಕರಡಿಗೂ ‘ಎಲ್’ ಸಂಖ್ಯೆ ಇರುತ್ತದೆ. ತಿದ್ದಿದರೆ ‘ರೆವ್ 1’ ಆಗುತ್ತದೆ. ಸೂಚನೆ ಹಳೆಯ ಪಠ್ಯಕ್ಕೆ ಬಂದು, ಮತ ಹೊಸ ಪಠ್ಯಕ್ಕೆ ನಡೆಯುವುದು ಮಾಮೂಲಿ ತಪ್ಪು. ಇನ್ನೂ ಕಷ್ಟ, ಯಾರೋ ಒಬ್ಬರು ಒಂದು ಪರಿಚ್ಛೇದಕ್ಕೆ ಮಾತ್ರ ಪ್ರತ್ಯೇಕ ಮತ ಕೇಳುವುದು. ಇಡೀ ನಿರ್ಣಯಕ್ಕೆ ಸೂಚನೆ ಇದ್ದು ಆ ಪರಿಚ್ಛೇದಕ್ಕೆ ಇಲ್ಲದಿದ್ದರೆ ಕುರ್ಚಿಯಲ್ಲಿ ಕುಳಿತವರ ಬೆವರು ಇಳಿಯುತ್ತದೆ. ಅದಕ್ಕೇ ಸೂಚನೆ ಕೇಳುವಾಗಲೇ ವಿವಾದದ ಪರಿಚ್ಛೇದಗಳನ್ನು ಪಟ್ಟಿ ಮಾಡಿ ಕೇಳಬೇಕು.

ಗುಂಡಿಯಲ್ಲಿ. ಹಸಿರು ಪರ, ಕೆಂಪು ವಿರೋಧ, ಹಳದಿ ತಟಸ್ಥ. ತಪ್ಪು ಒತ್ತಿದರೆ ‘ನಮ್ಮ ಉದ್ದೇಶ ಇದಾಗಿತ್ತು’ ಎಂದು ಆಮೇಲೆ ವಿಶ್ವಸಂಸ್ಥೆಯ ಸಚಿವಾಲಯಕ್ಕೆ ತಿಳಿಸಬಹುದು. ಅದು ದಾಖಲೆಯ ಅಡಿಟಿಪ್ಪಣಿಯಾಗುತ್ತದೆ, ಎಣಿಕೆ ಬದಲಾಗುವುದಿಲ್ಲ.

ಮತದ ವಿವರಣೆಯಲ್ಲಿ. ತಟಸ್ಥರಾದದ್ದು ಏಕೆ ಎಂದು ಹೇಳಲು ಅವಕಾಶ ಇದೆ, ಆದರೆ ನಿರ್ಣಯ ಮಂಡಿಸಿದವರು ತಮ್ಮದೇ ನಿರ್ಣಯದ ಮೇಲೆ ಮತ ವಿವರಣೆ ಕೊಡುವಂತಿಲ್ಲ. ಕೊನೆ ಗಳಿಗೆಯಲ್ಲಿ ಸಹಪ್ರಾಯೋಜಕರಾಗಿ ಹೆಸರು ಸೇರಿಸಿ, ಆಮೇಲೆ ಹೇಳಬೇಕಾದ ಮಾತನ್ನು ನುಂಗಿಕೊಂಡವರಿದ್ದಾರೆ.

‘ಮೌನ ವಿಧಾನ’ ಎಂಬುದೊಂದಿದೆ. ಕರಡನ್ನು ಎಲ್ಲರಿಗೂ ಕಳಿಸಿ, ಇಂಥ ಹೊತ್ತಿನೊಳಗೆ ಯಾರೂ ಆಕ್ಷೇಪಿಸದಿದ್ದರೆ ಒಪ್ಪಿದಂತೆ. ನಮ್ಮಲ್ಲಿ ಮೌನಂ ಸಮ್ಮತಿ ಲಕ್ಷಣಂ ಅನ್ನುವುದು ಗಾದೆ. ಅಲ್ಲಿ ಅದು ಕಾರ್ಯವಿಧಾನ. ಇಮೇಲ್ ನೋಡಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ಭಾರತದ ನಿಲುವುಗಳಲ್ಲಿ ಬಾಯಿಪಾಠ ಇರಬೇಕಾದ್ದು ಯಾವುವು?

1968ರ ಪರಮಾಣು ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಪರಮಾಣು ಅಸ್ತ್ರ ಇಟ್ಟುಕೊಳ್ಳಲು ಐದು ದೇಶಗಳಿಗೊಂದು ನ್ಯಾಯ ಉಳಿದವರಿಗೊಂದು ನ್ಯಾಯ ಎಂಬ ಕಾರಣಕ್ಕೆ. 1998ರ ಮೇ 11 ಮತ್ತು 13ರ ಪೋಖ್ರಾನ್ ಪರೀಕ್ಷೆಗಳ ನಂತರ ಪರೀಕ್ಷೆಗೆ ಸ್ವಯಂ ತಡೆ ಹಾಕಿಕೊಂಡಿತು. 2003ರ ಜನವರಿಯ ಪರಮಾಣು ಸಿದ್ಧಾಂತದಂತೆ ಮೊದಲು ಬಳಸುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಪರಮಾಣು ಪೂರೈಕೆದಾರರ ಗುಂಪು ವಿನಾಯಿತಿ ಕೊಟ್ಟಿತು, ಸದಸ್ಯತ್ವ ಕೊಡಲಿಲ್ಲ. ಉಳಿದ ಮೂರು ರಫ್ತು ನಿಯಂತ್ರಣ ಕೂಟಗಳಿಗೆ ಸೇರಿದ ಕ್ರಮ ಹೀಗೆ: ಕ್ಷಿಪಣಿ ತಂತ್ರಜ್ಞಾನ ಕೂಟ 2016ರ ಜೂನ್, ಸಾಂಪ್ರದಾಯಿಕ ಅಸ್ತ್ರಗಳನ್ನು ನೋಡುವ ವಾಸೆನಾರ್ 2017ರ ಡಿಸೆಂಬರ್, ರಾಸಾಯನಿಕ, ಜೈವಿಕ ಅಸ್ತ್ರಗಳಿಗೆ ಒದಗುವ ವಸ್ತುಗಳನ್ನು ನೋಡುವ ಆಸ್ಟ್ರೇಲಿಯಾ ಗ್ರೂಪ್ 2018ರ ಜನವರಿ. 2013ರ ಶಸ್ತ್ರ ವ್ಯಾಪಾರ ಒಪ್ಪಂದಕ್ಕೆ ತಟಸ್ಥ. 2017ರ ಪರಮಾಣು ಅಸ್ತ್ರ ನಿಷೇಧ ಒಪ್ಪಂದದ ಮಾತುಕತೆಗೆ ಹೋಗಲಿಲ್ಲ. ಅದೇ ವರ್ಷ, ತಾನೇ ಗುರಿ ಹುಡುಕಿ ಹೊಡೆಯುವ ಅಸ್ತ್ರಗಳ ಕುರಿತ ಜಿನೀವಾದ ತಜ್ಞರ ಗುಂಪಿಗೆ ಅಧ್ಯಕ್ಷರಾಗಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್.

ನಮ್ಮ ಪಕ್ಕದ ಕೈಗಾ ಬಗ್ಗೆ ಸಂದರ್ಶನದಲ್ಲಿ ಕೇಳಬಹುದು. ನಾಗರಿಕ, ಸೈನಿಕ ಸ್ಥಾವರಗಳನ್ನು ಬೇರ್ಪಡಿಸುವ 2006ರ ವಿಂಗಡಣೆ ಯೋಜನೆಯಂತೆ ಅಂತರರಾಷ್ಟ್ರೀಯ ನಿಗಾಕ್ಕೆ ಒಳಪಟ್ಟ 14 ರಿಯಾಕ್ಟರುಗಳಲ್ಲಿ ಕೈಗಾದವು ಇಲ್ಲ. ವಿಜಯಪುರದವರು ಮಲಿಕ್-ಎ-ಮೈದಾನ್ ತೋಪಿನ ಬಗ್ಗೆಯೂ ನಾಲ್ಕು ಮಾತು ತಯಾರಿಟ್ಟುಕೊಂಡಿರಿ. ವಿವರ ಅರ್ಜಿಯಲ್ಲಿ ಊರು ಬರೆದಿರುತ್ತೀರಿ.

ನಮ್ಮ ಜಿಲ್ಲೆಗೂ ಇದಕ್ಕೂ ಏನು ಸಂಬಂಧ?

ಇದೆ, ಗಟ್ಟಿ ಸಂಬಂಧವೇ ಇದೆ. ಉದ್ಯಮಬಾಗದ ಫೌಂಡ್ರಿ, ಹೈಡ್ರಾಲಿಕ್ಸ್, ಮಶೀನ್ ಶಾಪುಗಳಿಂದ, ಹತ್ತರಗಿಯ ಏರೋಸ್ಪೇಸ್ ವಲಯದಿಂದ ಬಿಡಿಭಾಗಗಳು ಹೊರದೇಶಕ್ಕೆ ಹೋಗುತ್ತವೆ. ನಾಗರಿಕ ಬಳಕೆಗೂ ಅಸ್ತ್ರಕ್ಕೂ ಒದಗುವ, ಅಂದರೆ ಎರಡು ಉಪಯೋಗದ ವಸ್ತುಗಳ ಪಟ್ಟಿಗೆ ಭಾರತದಲ್ಲಿ ‘ಸ್ಕೋಮೆಟ್’ ಎಂದು ಹೆಸರು, ವರ್ಗ 0ಯಿಂದ 8ರವರೆಗೆ. ಐದು ಅಕ್ಷದ ಸಿಎನ್‌ಸಿ ಯಂತ್ರ, ಫ್ಲೋರೋಪಾಲಿಮರ್ ಒಳಪದರದ ಪಂಪು ಅಥವಾ ವಾಲ್ವು, ಕೆಲವು ಜಾತಿಯ ಉಕ್ಕು, ಇವು ನಿಗದಿತ ಅಳತೆ ದಾಟಿದರೆ ಪಟ್ಟಿಯೊಳಗೆ ಬರುತ್ತವೆ. ಆಗ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ಆನ್‌ಲೈನ್ ಅರ್ಜಿ ಹಾಕಬೇಕು, ಕೊನೆಯ ಬಳಕೆದಾರನ ಪ್ರಮಾಣಪತ್ರ ಲಗತ್ತಿಸಬೇಕು. ಅಂತರಸಚಿವಾಲಯ ಗುಂಪು ಅದನ್ನು ನೋಡುತ್ತದೆ. ಆ ಮೇಜಿನಲ್ಲಿ ವಿದೇಶಾಂಗ ಸಚಿವಾಲಯದ ನಿಶ್ಶಸ್ತ್ರೀಕರಣ ವಿಭಾಗದವರೂ ಕೂತಿರುತ್ತಾರೆ. ಪಟ್ಟಿಯಲ್ಲಿ ಇಲ್ಲದ ವಸ್ತುವಾದರೂ ಅದು ಸಾಮೂಹಿಕ ನಾಶದ ಅಸ್ತ್ರಕ್ಕೆ ಹೋಗುತ್ತಿದೆ ಎಂದು ಗೊತ್ತಿದ್ದರೆ ಕಳಿಸುವಂತಿಲ್ಲ, ಇದು 2005ರ ಕಾನೂನು. ಖರೀದಿದಾರ ಮೂರನೇ ದೇಶದ ಗೋದಾಮಿನ ವಿಳಾಸ ಕೊಟ್ಟರೆ, ಅಳವಡಿಕೆ ಬೇಡ, ತರಬೇತಿ ಬೇಡ, ಪೂರ್ತಿ ನಗದು ಕೊಡುತ್ತೇನೆ ಅಂದರೆ ಅನುಮಾನ ಪಡಬೇಕು.

ಬಾಗಲಕೋಟೆ ಕಡೆ ಬನ್ನಿ. ಸಿಮೆಂಟ್ ಕ್ಲಿಂಕರ್ ಅರೆಯುವಾಗ ಸೇರಿಸುವ ರಾಸಾಯನಿಕಗಳಲ್ಲಿ ಟ್ರೈಎಥನಾಲಮೀನ್ ಒಂದು. ಸೌಂದರ್ಯವರ್ಧಕಗಳಲ್ಲೂ ಇರುತ್ತದೆ. ಅದೇ ವಸ್ತು ರಾಸಾಯನಿಕ ಅಸ್ತ್ರ ಒಪ್ಪಂದದ ಮೂರನೇ ಅನುಸೂಚಿಯಲ್ಲಿದೆ. ಹೊಲದ ಬದುವಿನ ಔಡಲ ಬೀಜದಲ್ಲಿರುವ ರೈಸಿನ್ ಇನ್ನೂ ಕಟ್ಟುನಿಟ್ಟಿನ ಮೊದಲ ಅನುಸೂಚಿಯಲ್ಲಿದೆ. ಹಾಗೆಂದು ಔಡಲೆಣ್ಣೆ ಗಾಣಕ್ಕೆ ಹೇಗ್‌ನಿಂದ ಯಾರೂ ಬರುವುದಿಲ್ಲ. ವಿಷವನ್ನು ಬೇರ್ಪಡಿಸಿ ತೆಗೆಯದ ಎಣ್ಣೆ ಗಿರಣಿ ಆ ಲೆಕ್ಕಕ್ಕೆ ಬರುವುದಿಲ್ಲ ಎಂದೇ ಅರ್ಥೈಸಲಾಗಿದೆ. ಈ ಗೆರೆ ಎಲ್ಲಿ ಎಳೆಯಬೇಕು ಎಂದು ಕೂತು ವಾದಿಸುವುದೇ ಈ ವೃತ್ತಿ.

ಹೆಣ್ಣುಮಕ್ಕಳಿಗೆ ಹೊಂದಿಕೆ ಆಗ್ತದೇನು?

ಈ ಪ್ರಶ್ನೆಗೆ ಕರ್ನಾಟಕದಿಂದಲೇ ಉತ್ತರ ಇದೆ. ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಬಂದ ಮೊದಲ ಮಹಿಳೆ. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆನಿಸಿದರೆ ರಾಜೀನಾಮೆ ಕೇಳಬಹುದು ಎಂಬ ನಿಯಮಗಳಿದ್ದವು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಧೋರಣೆಯನ್ನು ಕಟುವಾಗಿ ಟೀಕಿಸಿದರು. ಮುಂದೆ ಮುತ್ತಮ್ಮ ನೆದರ್ಲೆಂಡ್ಸ್‌ನಲ್ಲಿ ರಾಯಭಾರಿಯಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆ ಕಟ್ಟಿದ ನಿಶ್ಶಸ್ತ್ರೀಕರಣ ಆಯೋಗದಲ್ಲೂ ಸದಸ್ಯರಾಗಿದ್ದರು.

ಇವತ್ತಿನ ಕಷ್ಟ ಬೇರೆ: ಮೂರು ವರ್ಷಕ್ಕೊಮ್ಮೆ ಊರು ಬದಲು, ಸಂಗಾತಿಯ ನೌಕರಿ, ಮಕ್ಕಳ ಶಾಲೆ, ಊರಲ್ಲಿರುವ ತಂದೆತಾಯಿಯ ಆರೋಗ್ಯ. ಇದು ಗಂಡಸರಿಗೂ ಅಷ್ಟೇ ಇದೆ.

ಯುಪಿಎಸ್‌ಸಿ ಬರೆಯದೆ ಈ ಕ್ಷೇತ್ರಕ್ಕೆ ಬರಬಹುದೆ?

ಬರಬಹುದು. ವಿಜ್ಞಾನದ ಕಡೆ ಮನಸ್ಸಿರುವವರಿಗೆ ಅದೇ ಒಳ್ಳೆಯ ದಾರಿ. ಹೇಗ್‌ನ ಸಂಸ್ಥೆ ರಸಾಯನ ತಜ್ಞರನ್ನೂ ರಾಸಾಯನಿಕ ಎಂಜಿನಿಯರುಗಳನ್ನೂ ಪರಿವೀಕ್ಷಕರಾಗಿ ತೆಗೆದುಕೊಳ್ಳುತ್ತದೆ. ಅಲ್ಲಿ ಸೇವೆಗೆ ಸಾಮಾನ್ಯವಾಗಿ ಏಳು ವರ್ಷದ ಮಿತಿ. ವಿಯೆನ್ನಾದ ಸಂಸ್ಥೆಗೆ ಪರಮಾಣು ವಿಜ್ಞಾನ, ಭೌತಶಾಸ್ತ್ರದವರು ಬೇಕು. ಎರಡಕ್ಕೂ ಕಾರ್ಖಾನೆ ಅಥವಾ ಪ್ರಯೋಗಾಲಯದ ಅನುಭವ ಬೇಕು, ಬರೇ ಎಂಎಸ್ಸಿ ಸಾಲದು. ಸಂಶೋಧನೆಗಾದರೆ ದೆಹಲಿಯ ಜೆಎನ್‌ಯುದಲ್ಲಿ ನಿಶ್ಶಸ್ತ್ರೀಕರಣವನ್ನು ಹೆಸರಲ್ಲೇ ಇಟ್ಟುಕೊಂಡ ಅಧ್ಯಯನ ಕೇಂದ್ರವಿದೆ. ರಕ್ಷಣಾ ಅಧ್ಯಯನಕ್ಕೆ ದೆಹಲಿಯ ಮನೋಹರ್ ಪರ್ರಿಕರ್ ಸಂಸ್ಥೆ, ನಮ್ಮದೇ ರಾಜ್ಯದಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ನಿಯಾಸ್) ಇವೆ.

ವಿಜಯಪುರದ ಸೈನಿಕ ಶಾಲೆಯ ಹುಡುಗರೂ ಕೇಳುತ್ತಾರೆ. ಸೇನೆಗೆ ಸೇರಿದವರು ನೆಲಬಾಂಬು, ಸಾಂಪ್ರದಾಯಿಕ ಅಸ್ತ್ರಗಳ ಸಭೆಗಳಿಗೆ ನಿಯೋಗದ ತಜ್ಞರಾಗಿ ಹೋಗುತ್ತಾರೆ. ಆದರೆ ಮಾತುಕತೆಯ ಮುಂದಾಳತ್ವ ವಿದೇಶಾಂಗ ಸೇವೆಯದೇ.

ಪಗಾರ?

ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನ 56,100 ರೂಪಾಯಿಯಿಂದ ಶುರು, ಐಎಎಸ್‌ನಷ್ಟೇ. ಹೊರದೇಶದಲ್ಲಿದ್ದಾಗ ವಿದೇಶಿ ಭತ್ಯೆ, ಮನೆ ಬೇರೆ.

ಪಿಯುಸಿಯಲ್ಲಿದ್ದೇನೆ. ಈಗಿನಿಂದ ಏನು ಮಾಡಲಿ?

ಕೋಚಿಂಗ್ ಈಗಲೇ ಬೇಡ. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದನ್ನು ನೂರು ಪದದಲ್ಲಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಯಿರಿ. ಡಿಗ್ರಿಗೆ ಬಂದ ಮೇಲೆ ಒಪ್ಪಂದಗಳ ಮೂಲ ಪಠ್ಯಕ್ಕೇ ಕೈ ಹಾಕಿ. ಎಲ್ಲವೂ ಉಚಿತವಾಗಿ ಸಿಗುತ್ತವೆ, ಗೈಡು ಬೇಕಿಲ್ಲ. ಒಂದು ಅಭ್ಯಾಸ ಮಾಡಿ ನೋಡಿ: ಪರಮಾಣು ಅಸ್ತ್ರ ಬಳಕೆ ನಿಷೇಧದ ಬಗ್ಗೆ ಭಾರತ ತರುವ ನಿರ್ಣಯದ ಎರಡು ಬೇರೆ ಬೇರೆ ವರ್ಷಗಳ ಪಠ್ಯ ಇಳಿಸಿಕೊಂಡು ಪಕ್ಕಪಕ್ಕ ಇಟ್ಟು, ಬದಲಾದ ಪ್ರತಿ ಪದಕ್ಕೂ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಆಮೇಲೆ ಆ ಎರಡು ವರ್ಷಗಳ ಮತಪಟ್ಟಿ ತೆಗೆದು, ಯಾವ ದೇಶ ಪಕ್ಷ ಬದಲಿಸಿತು ಎಂದು ಹುಡುಕಿ.